ಟವೆಲ್ ಕೆಳಗಿನ ಕರಾರು

ಈ ಕ್ಯಾಸೆಟ್ಟಲ್ಲಿ ನಿಮಗೇ ಹೇಳ್ತಿದೀನಿ: ಇವತ್ತು ಬಸ್ಸು ಕೆಟ್ಟು, ಬಿಸಿನೆಸ್ ಲಾ ವೈವಾಕ್ಕೆ ಬೆವರಿಳಿಸ್ಕೊಂಡು ಓಡಿದೆ, ಅಪ್ಪಾಜಿ. ಫೇಲಾದ್ರೆ ಒಂದು ವರ್ಷ ಹೋದಂಗೇ.

ಮೇಷ್ಟ್ರು, “ಬಾಯಿಬಿಡದೆ, ಕಾಗದವಿಲ್ದೆ ಕರಾರು ಆಗುತ್ತೇನಯ್ಯಾ?” ಅಂದ್ರು. ಓದಿದ್ದೆಲ್ಲ ಮರೆತೋಯ್ತು. ಕರ್ಚೀಫು ಹೊದಿಸಿ ಅವರ ಕೈ ಹಿಡ್ಕೊಂಡೆ. ಅರಸೀಕೆರೆ ಮಂಡೀಲಿ ನೀವು ಟವೆಲ್ ಕೆಳಗೆ ಕೊಬ್ಬರಿ ರೇಟು ಕುದುರಿಸ್ತಿದ್ರಲ್ಲ, ಹಾಗೇ.

“ಏನಯ್ಯಾ, ಪಾಣಿಗ್ರಹಣಾನಾ?”

“ಬೆರಳು ಒತ್ತಿದ್ರೆ ಒಪ್ಪಿಗೆ, ಸಾರ್. ಆಮೇಲೆ ಯಾರೂ ತಪ್ಪೋ ಹಾಗಿಲ್ಲ.”

ಮೇಷ್ಟ್ರು ಬಿದ್ದುಬಿದ್ದು ನಕ್ಕು, “ಪಾಸ್! ಯಾರು ಕಲಿಸಿದ್ದು?” ಅಂದ್ರು.

“ನಮ್ಮಪ್ಪಾಜಿ” ಅಂತ ಕಾರಿಡಾರಿಗೆಲ್ಲ ಕೇಳೋ ಹಾಗೆ ಅಂದೆ.

ನೀವು ಹಾಸ್ಟೆಲಿಗೆ ಬಂದಾಗ, ಗೆಳೆಯರು ನೋಡಿದ್ರೆ ನಾಚಿಕೆ ಅಂತ, ಅದೇ ಟವೆಲ್ಲನ್ನ ಚೀಲದೊಳಗಿಡಿ ಅಂದಿದ್ದೆ. ಮಡಚಿ ಇಟ್ರಿ.

ತೀರಿಕೊಂಡೋರಿಗೆ ಕ್ಯಾಸೆಟ್ ಕಳ್ಸೋಕಾಗಲ್ಲ, ಗೊತ್ತು. ಆದ್ರೂ ನೀವು ಯಾವಾಗ್ಲೂ ಫೋನ್ ಮಾಡ್ತಿದ್ದ ಹೊತ್ತಿಗೆ, ಭಾನುವಾರ ಬೆಳಿಗ್ಗೆ ಎಂಟಕ್ಕೆ, ಹಾಸ್ಟೆಲ್ ಫೋನ್ ಹತ್ರಾನೇ ಇರ್ತೀನಿ. ಮಾಡಿ.