ಹದಿನೈದು ಈಡಿನ ತೋಟಾ

ಡಿಲನ್, ಮೊಂಟಾನಾ
ಸೋಮವಾರ, 20 ಅಕ್ಟೋಬರ್ 1986

ಹಟಮಾರಿ ಲೈಲ್‌ಗೆ,

ಆರು ತಿಂಗಳು ಸುಮ್ಮನಿದ್ದವಳು ಈಗ ಬರೆಯುತ್ತಿರುವುದು ಮನೆಗೆ ಬರುತ್ತೇನೆಂದು ಹೇಳಲಿಕ್ಕಲ್ಲ. ಭಾನುವಾರ ಎಲ್ಕ್ ಜಿಂಕೆಯ ಬೇಟೆ ಶುರುವಾಗುತ್ತದೆ. ಬೆಟ್ಟದ ಮನೆಗೆ ಫೋನಿಲ್ಲ. ಅಂಚೆಯ ಎಲ್ವುಡ್ ಬುಧವಾರ ಇದನ್ನು ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಓದದೆ ಒಲೆಗೆ ಹಾಕಬೇಡ.

ನಿನ್ನೆ ದಿನಸಿ ಅಂಗಡಿಯಲ್ಲಿ ನಿನ್ನ ಗೆಳೆಯ ವರ್ನನ್ ಸಿಕ್ಕಿದ್ದ. ನೀನು ಈ ಸಲವೂ ಹಾರಿಸಿ ಖಾಲಿಯಾದ ಹಳೆಯ ಹಿತ್ತಾಳೆ ತೋಟಾಗಳಿಗೇ ಮತ್ತೆ ಮದ್ದು, ಗುಂಡು ತುಂಬಿಟ್ಟಿದ್ದೀಯಂತೆ. "ಲೈಲ್ ಕೈಗುಣ ನೋಡು ಅರ್ಡಿತ್! ನಮ್ಮವು ಐದಾರು ಈಡಿಗೇ ಹೋಗ್ತವೆ, ಅವನ ತೋಟಾ ಹದಿನೈದು ಈಡಾದ್ರೂ ಜಗ್ಗಲ್ಲ" ಎಂದ.

ಲೈಲ್, ಅದು ನಿನ್ನ ಕೈಗುಣವಲ್ಲ. ನನ್ನ ಕಳ್ಳಾಟ.

ಸಂಜೆ ನೀನು ಖಾಲಿ ತೋಟಾಗಳನ್ನು ಬೆಳಕಿಗೆ ಹಿಡಿಯುತ್ತಿದ್ದೆ. ಬಾಯಿ ಸೀಳಿಲ್ಲವೆಂದು ಕಂಡರೆ ಸಾಕು, "ಚಿನ್ನ ಕಣೇ ಇವು!" ಎಂದು ತಟ್ಟೆಯಲ್ಲಿ ಜೋಡಿಸಿಟ್ಟು ಮಲಗುತ್ತಿದ್ದೆ. ಬೆಳಿಗ್ಗೆ ನೀನು ದನಗಳಿಗೆ ಹುಲ್ಲು ಹಾಕಲು ಹೋದಾಗ ನಾನು ಒಂದೊಂದನ್ನೂ ಮತ್ತೆ ನೋಡುತ್ತಿದ್ದೆ. ಬುಡದಿಂದ ತುಸು ಮೇಲೆ ಹೊಳೆಯುವ ಉಂಗುರ ಕಂಡರೆ ಅನುಮಾನ. ಆದರೆ ಹೊರಗಿನ ಗೆರೆ ಬರೀ ಉಜ್ಜಿದ ಗುರುತೂ ಆಗಿರಬಹುದು. ಅದಕ್ಕೇ ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಬಿಟ್ಟು ಗೋಡೆಗುಂಟ ಮೇಲಕ್ಕೆ ಎಳೆಯಬೇಕು. ಬುಡದ ಹತ್ತಿರ ಅದು ತಗ್ಗಿಗೆ ಸಿಕ್ಕಿಕೊಂಡರೆ ಒಳಗೆ ಹಿತ್ತಾಳೆ ಸವೆದಿದೆ ಎಂದೇ ಅರ್ಥ. ಮುಂದಿನ ಈಡಿಗೆ ಬುಡ ಕಳಚಿ ಬೆಂಕಿ ಮುಖಕ್ಕೆ ಬರಬಹುದು. ಅಂಥವನ್ನು ಎಸೆದು, ಬುಡದಲ್ಲಿ ಅದೇ ಕಂಪನಿಯ ಗುರುತಿರುವ ಹೊಸ ಖಾಲಿ ತೋಟಾಕ್ಕೆ ಒಲೆಯ ಮಸಿ ಸವರಿ ಒರೆಸಿ, ಅದರ ಜಾಗದಲ್ಲಿ ಇಡುತ್ತಿದ್ದೆ. ಹದಿನೆಂಟು ವರ್ಷ ಹೀಗೇ ನಡೆಯಿತು.

ಮೊದಲ ವರ್ಷವೇ ಹೇಳಲು ಬಾಯಿ ತೆರೆದಿದ್ದೆ. "ಹೋಗೇ, ಇದೇನು ಪಾತ್ರೆ ತೊಳೆಯೋ ಕೆಲ್ಸಾನಾ?" ಎಂದು ನೀನು ವರ್ನನ್ ಎದುರಿಗೇ ನಕ್ಕುಬಿಟ್ಟೆ. ನನಗೂ ಸಿಟ್ಟು ಬಂತು, ಸುಮ್ಮನಾದೆ. ಆಮೇಲೆ ನೀನು ಊರೆಲ್ಲ ಜಂಬ ಕೊಚ್ಚುವುದನ್ನು ಕೇಳುತ್ತ ಒಳಗೊಳಗೇ ನಗುವುದು ನನಗೆ ರುಚಿಸಿಬಿಟ್ಟಿತು. ನನ್ನ ಮಾತಿಗೆ ಬೆಲೆಯಿಲ್ಲವೆಂದು ಮನೆ ಬಿಟ್ಟೆ, ನಿಜ. ಆದರೆ ಆಡಬೇಕಾದ ಈ ಮಾತನ್ನು ನಾನೂ ಆಡಲಿಲ್ಲ. ಹದಿನೈದು ಈಡು ಬಾಳುತ್ತವೆಂದು ನಿನ್ನನ್ನು ನಂಬಿಸಿದವಳು ನಾನೇ. ನಿನ್ನ ಕಣ್ಣು ಹೋದರೆ ಆ ಪಾಪ ನನ್ನದು. ನಿನ್ನ ಮೇಲೆ ಸಿಟ್ಟು ಇನ್ನೂ ಇದೆ. ಅದಕ್ಕಿಂತ ಭಯ ಹೆಚ್ಚಾಗಿದೆ.

ನೀನು ತುಂಬಿಟ್ಟ ತೋಟಾಗಳನ್ನು ಹಾರಿಸಬೇಡ, ಈ ಸಲ ಅವನ್ನು ನಾನು ನೋಡಿಲ್ಲ. ನಂಬಿಕೆ ಬಾರದಿದ್ದರೆ ಹಳೆಯದೊಂದನ್ನು ಗರಗಸದಿಂದ ಉದ್ದಕ್ಕೆ ಸೀಳಿ ನೋಡು. ಖಾಲಿಯದನ್ನು ಮಾತ್ರ, ಮಾರಾಯ! ಆಮೇಲೆ ನನ್ನನ್ನು ಎಷ್ಟು ಬೇಕಾದರೂ ಬಯ್ಯಿ. ಲಕೋಟೆಯಲ್ಲಿ ನನ್ನ ತಂತಿಯನ್ನೂ ಇಟ್ಟಿದ್ದೇನೆ.

ನಿನ್ನ (ಹಾಗೆ ಬರೆಯಬಹುದಾದರೆ)
ಅರ್ಡಿತ್

ತಾ.ಕ.: ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ನೀಲಿ ಮುಚ್ಚಳದ ಪೆಟ್ಟಿಗೆಯಿದೆ. ನೀನು ಬ್ರೆಡ್ ಮಾಡಿಕೊಳ್ಳುವವನಲ್ಲ, ಇನ್ನೂ ಅಲ್ಲೇ ಇರುತ್ತದೆ. ಅದರಲ್ಲಿ ಇಪ್ಪತ್ತು ತೋಟಾ. ಎಲ್ಲ ಹೊಸ ಹಿತ್ತಾಳೆ, ನಿನ್ನದೇ ಅಳತೆಯ ಮದ್ದು. ಏಪ್ರಿಲ್‌ನಲ್ಲಿ ನನ್ನ ತಂಗಿ ಅಂಗಳದಲ್ಲಿ ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಳಲ್ಲ, "ಇನ್ನೂ ಏನ್ ಮಾಡ್ತಿದ್ದಾಳೆ ಒಳಗೆ?" ಎಂದು ನೀನು ಹೊರಗೆ ಗೊಣಗುತ್ತಿದ್ದೆಯಲ್ಲ, ಆಗ ಕೊನೆಯದನ್ನು ತುಂಬುತ್ತಿದ್ದೆ. ಈ ವರ್ಷಕ್ಕೆ ಸಾಕು. ಮುಂದಿನ ವರ್ಷಕ್ಕೆ ನಾನೇನೂ ಮಾಡಿಟ್ಟಿಲ್ಲ.