ವಲ್ಲಿಯ ಕೆಳಗೆ ಮಾರಾಟವಾದ ಸೋದರಮಾವ

ಮೋಟಾರು ಬಂಡಿಗಳಿಗೂ ಅವುಗಳ ಏಜೆಂಟರಿಗೂ ಪರವಾನಗಿ ದಯಪಾಲಿಸುವ ಮಾನ್ಯರೇ,

ತಮ್ಮ ಪರವಾನಗಿ ಪಡೆದ ಆದೋನಿಯ ಮೋಟಾರು ಏಜೆಂಟ್ ಹಾಲಸ್ವಾಮಿ ನನ್ನನ್ನು ಮಾರಿದ್ದಾನೆ. ಕೌತಾಳಂನ ಕಾಫಿ ಹೋಟೆಲಿಗೆ ಒಮ್ಮೆ, ಅಲ್ಲಿನ ಇದ್ದಿಲಂಗಡಿಗೆ ಒಮ್ಮೆ, ಮಾಧವರಂ ಹೊಳೆ ದಂಡೆಯ ಕ್ಷೌರಿಕನಿಗೆ ಒಮ್ಮೆ. ಇಷ್ಟಾದ ಮೇಲೂ ನನ್ನ ಬಳಿ ಉಳಿದಿದ್ದದ್ದು ತಂಗಿಯ ಮಗಳಿಗೆ ಸೋದರಮಾವ ಎಂಬ ಸ್ಥಾನ. ಅದನ್ನು ಮಾತ್ರ ಅವನು ಮಾರಲಿಲ್ಲ, ತಾನೇ ಇಟ್ಟುಕೊಂಡ. ವಾಪಸು ಕೊಡಿಸಿ ಎಂದು ತಮ್ಮ ಕಚೇರಿಗೆ ಅರ್ಜಿ ಹಾಕಿದೆ. "ಏಜೆಂಟನು ಪ್ರಯಾಣಿಕನಿಂದ ಹಣ ಪಡೆದ ಬಗ್ಗೆ ಪುರಾವೆ ಇರುವುದಿಲ್ಲ. ಕೂದಲು ಹಣ ಎಂಬ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಸೋದರಮಾವನ ಸ್ಥಾನವು ಈ ಕಚೇರಿಯ ವ್ಯಾಪ್ತಿಗೆ ಸೇರಿದ್ದಲ್ಲ" ಎಂದು ಉತ್ತರ ಬಂತು. ಹಾಗಾಗಿ ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಆದೋನಿ ಹತ್ತಿ ಪೇಟೆಯ ದಲ್ಲಾಳಿ. ದಲ್ಲಾಳಿಯೇ ಏಜೆಂಟನ ಮೇಲೆ ಬಾಯಿ ಬಡಿದುಕೊಳ್ಳುವುದೇ ಎಂದು ತಾವು ನಗಬಹುದು. ಧಾರಾಳವಾಗಿ ನಗಿ. ಆದರೆ ನಾನು ಮಾರುವ ಹತ್ತಿಗೆ ತಂಗಿಯಿಲ್ಲ, ತಂಗಿಗೆ ಮಗಳಿಲ್ಲ, ಮುಹೂರ್ತಕ್ಕೆ ಮುಟ್ಟಬೇಕೆಂಬ ಆತುರವಂತೂ ಇಲ್ಲವೇ ಇಲ್ಲ. ಹತ್ತಿಯನ್ನು ಎಲ್ಲಿಗೆ ಹೊತ್ತೊಯ್ದರೂ ಅದು ಹತ್ತಿಯಾಗಿಯೇ ಇರುತ್ತದೆ. ಮನುಷ್ಯನನ್ನು ಬೇಡದ ದಾರಿಯಲ್ಲಿ ಸುತ್ತಾಡಿಸಿದರೆ ಅವನು ಏನಾಗುತ್ತಾನೆ ಎಂಬುದಕ್ಕೆ ನನ್ನ ತಲೆಯೇ ಸಾಕ್ಷಿ. ಬೇಕಾದರೆ ಕಚೇರಿಗೆ ತಂದು ಹಾಜರುಪಡಿಸುತ್ತೇನೆ.

ನಮ್ಮ ಪೇಟೆಯ ಪದ್ಧತಿಯೊಂದನ್ನು ತಮಗೆ ತಿಳಿಸಬೇಕು. ಇಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಚೌಕಾಸಿ ಮಾಡುತ್ತಾರೆ. ಮುಖದ ಮೇಲೆ ಏನೂ ಕಾಣಬಾರದು. ಕೊನೆಗೆ ಒಮ್ಮೆ ಅಂಗೈ ಒತ್ತಿದರೆ ವ್ಯಾಪಾರ ಮುಗಿಯಿತು. ಆಮೇಲೆ ಹಿಂದೆ ಸರಿದವನಿಗೆ ಪೇಟೆಯಲ್ಲಿ ಯಾರೂ ಕೈ ಕೊಡುವುದಿಲ್ಲ. ನಾನು ಮೀಸೆ ಬರುವ ಮೊದಲಿನಿಂದ ಈ ಕೆಲಸ ಮಾಡಿದವನು. ಯಾರಾದರೂ ವಲ್ಲಿ ಹೊದಿಸಿದ ಕೈ ಚಾಚಿದರೆ ನನ್ನ ಕೈ ನನ್ನನ್ನು ಕೇಳದೆಯೇ ಒಳಗೆ ಹೋಗುತ್ತದೆ.

ಮದುವೆಯ ದಿನ ಬೆಳಿಗ್ಗೆ ನಾನು ಮೋಟಾರು ನಿಲ್ದಾಣಕ್ಕೆ ಹೋದಾಗ ಹಾಲಸ್ವಾಮಿ ಎದುರಾದ.

"ಎಲ್ಲಿಗ್ ಹೊಂಟ್ರಿ ಸಾವ್ಕಾರ್ರ?"

"ನಂದವರಂಕ. ನಮ್ಮ ತಂಗಿ ಬಸಲಿಂಗಮ್ಮನ ಮಗಳು ಎರ್ರಮ್ಮಂದು ಮದಿವಿ ಐತಿ. ಸೋದರಮಾವ ನಾನ. ನಾ ಹೋಗಿ ಕೈ ಹಿಡದ್ರನ ಹುಡುಗಿ ಹಂದರಕ್ಕ ಬರ್ತಾಳ."

"ಅಬ್ಬಬ್ಬಾ! ಅಂಥೋರ್ನ ನಾ ಬಿಡ್ತೀನೇನ್ರಿ? ಫರವಾಲೇದು, ಎಲ್ಲಾ ನನ್ನ ಮ್ಯಾಲ ಬಿಡ್ರಿ. ನಿಮ್ಮ ಕಡಿಂದ ಒಂದ್ ಕಾಸೂ ಮುಟ್ಟಂಗಿಲ್ಲ" ಎಂದು ವಲ್ಲಿ ಹೊದಿಸಿದ ಕೈ ಮುಂದೆ ಮಾಡಿದ. ನನ್ನ ಕೈ ಒಳಗೆ ಹೋಯಿತು. ಅವನು ಬೆರಳು ಹಿಡಿದ. ನಾನು ಅಭ್ಯಾಸಬಲದಿಂದ ಒಂದು ಬೆರಳು ಕಡಿಮೆ ಮಾಡಿದೆ. ಅವನು ಒಪ್ಪದೆ ಜಗ್ಗಿದ, ನಾನು ಬಿಡಲಿಲ್ಲ. ಕೊನೆಗೆ ನಾನು ಹೇಳಿದಂತೆಯೇ ಅಂಗೈ ಒತ್ತಿದ. ಒಳ್ಳೆಯ ವ್ಯಾಪಾರ ಮಾಡಿದೆನೆಂಬ ಖುಷಿಯಲ್ಲಿ ನಾನು ಅವನು ತೋರಿಸಿದ ಬಸ್ಸು ಹತ್ತಿದೆ. ಅದು ನಂದವರಂಗೆ ಹೋಗುವ ಎಮ್ಮಿಗನೂರಿನ ನೇರ ದಾರಿ ಬಿಟ್ಟು ಕೌತಾಳಂ ಕಡೆಗೆ ತಿರುಗಿದಾಗಲೇ, ಸರಕು ಯಾವುದೆಂದು ಕೇಳದೆ ಚೌಕಾಸಿ ಮುಗಿಸಿದ್ದೇನೆ ಎಂಬುದು ನನಗೆ ಹೊಳೆದದ್ದು. ಸರಕು ನಾನೇ ಆಗಿದ್ದೆ. ನನ್ನ ಬೆಲೆಯನ್ನು ನಾನೇ ಇಳಿಸಿಕೊಂಡಿದ್ದೆ.

ತಮ್ಮ ನಿಯಮ ಬಹಳ ಚೆನ್ನಾಗಿದೆ, ಮಾನ್ಯರೇ. "ಏಜೆಂಟರು ಪ್ರಯಾಣಿಕರಿಂದ ಹಣ ಪಡೆಯಕೂಡದು" ಎಂದು ನಿಲ್ದಾಣದಲ್ಲಿ ಹಲಗೆ ತೂಗು ಹಾಕಿಸಿದ್ದೀರಿ. ಹಾಲಸ್ವಾಮಿ ಅದನ್ನು ದಿನಾ ಒರೆಸಿ ಊದಿನಕಡ್ಡಿ ಹಚ್ಚುತ್ತಾನೆ. ಯಾಕೆ ಹಚ್ಚಬಾರದು? ಪ್ರಯಾಣಿಕನಿಂದ ಅವನು ಏನೂ ಪಡೆಯುವುದಿಲ್ಲ. ಪ್ರಯಾಣಿಕನನ್ನು ಯಾರ ಬಾಗಿಲಿಗೆ ತಂದು ಸುರಿಯುತ್ತಾನೋ ಅವರಿಂದ ಪಡೆಯುತ್ತಾನೆ. ಅವರು ಪ್ರಯಾಣಿಕನ ಚರ್ಮ ಸುಲಿದು ಆ ಕಮಿಷನ್ ತುಂಬಿಕೊಳ್ಳುತ್ತಾರೆ. ಯುದ್ಧದ ದೆಸೆಯಿಂದ ಪೆಟ್ರೋಲು ಹೋಗಿ, ಇದ್ದಿಲ ಗ್ಯಾಸಿನಿಂದ ಓಡಲೆಂದು ಬಸ್ಸುಗಳ ಬೆನ್ನಿಗೆ ಇದ್ದಿಲೊಲೆ ಬಂದ ಮೇಲಂತೂ ಅವನಿಗೆ ಹಬ್ಬ. ಇದ್ದಿಲು ಕೌತಾಳಂನಲ್ಲೇ ಒಳ್ಳೆಯದು ಸಿಗುವುದಂತೆ. ಒಳ್ಳೆಯದೆಂದರೆ ಏನು? ಹಾಲಸ್ವಾಮಿಗೆ ಹೆಚ್ಚು ಕಮಿಷನ್ ಕೊಡುವ ಇದ್ದಿಲು.

ಕೌತಾಳಂನಲ್ಲಿ ಡ್ರೈವರು ಒಲೆ ಆರಿಸಿ ಕೂತ. ಎಲ್ಲರೂ ಕಾಫಿ ಕುಡಿಯುವವರೆಗೆ ಒಲೆ ಹೊತ್ತುವುದಿಲ್ಲವಂತೆ. ಇದ್ಯಾವ ಯಂತ್ರಶಾಸ್ತ್ರವೋ ಕಾಣೆ. ಎಮ್ಮಿಗನೂರಿಗೆ ಹೋಗಬೇಕಿದ್ದ ಕುರಿ ಸಾಕುವ ಮುದುಕಿ ಉಚ್ಚಮ್ಮ ಕುರಿಮರಿಯೊಂದನ್ನು ತೊಡೆ ಮೇಲೆ ಇಟ್ಟುಕೊಂಡು ನನ್ನ ಪಕ್ಕ ಕೂತಿದ್ದಳು. "ನಾ ಹುಟ್ಟಿದಾಗಿಂದ ಕಾಪಿ ಕುಡದಿಲ್ಲಪ್ಪ, ಈ ಮೂಳನ ದೆಸಿಂದ ಕುಡಿಯಂಗಾತು" ಎಂದು ಅರ್ಧ ಕುಡಿದು ಉಳಿದದ್ದನ್ನು ಮರಿಗೆ ಕುಡಿಸಿದಳು. ಆಮೇಲೆ ಅಲ್ಲಿನ ಅಂಗಡಿಯ ಇದ್ದಿಲಿಗೂ ದುಡ್ಡು ತೆತ್ತು, ನಾವೆಲ್ಲ ಇಳಿದು ಬಸ್ಸು ತಳ್ಳಿದೆವು. ಮದುವೆಗೆಂದು ಉಟ್ಟ ಬಿಳಿ ಧೋತರ ಇದ್ದಿಲ ಮಸಿಯಿಂದ ಕಪ್ಪಾಯಿತು. ಹೋಗಲಿ, ಮುಹೂರ್ತಕ್ಕೆ ಮುಟ್ಟಿದರೆ ಸಾಕು ಅಂದುಕೊಂಡೆ.

ಬಸ್ಸು ಎಮ್ಮಿಗನೂರಿಗೆ ತಿರುಗದೆ ಮಾಧವರಂ ಹೊಳೆ ದಂಡೆಗೆ ಬಂದು ನಿಂತಿತು. ಅಲ್ಲೊಬ್ಬ ಕ್ಷೌರಿಕ ಕತ್ತಿ ಮಸೆಯುತ್ತಾ ಕಾದಿದ್ದ. ಯಾತ್ರಿಕರ ಮುಡಿ ತೆಗೆಯುವುದು ಅವನ ಕಸುಬು.

"ಬರ್ರಿ ಸಾವ್ಕಾರ್ರ, ಕುಂದರ್ರಿ. ಇವತ್ತಿನ ಬಸ್ಸಿನ ತಲಿ ನಿಮ್ದಂತ" ಎಂದ.

"ಏ, ನಾ ಮದಿವಿಗೆ ಹೊಂಟೀನೋ! ಸೋದರಮಾವ ಅದೀನಿ!"

"ಅದೆಲ್ಲ ನನಗೇನ್ ಗೊತ್ರಿ? ಹಾಲಸ್ವಾಮಿಗೆ ಕಮಿಷನ್ ಕೊಟ್ಟೀನಿ. ವಲ್ಲಿ ಕೆಳಗ ಕೈ ಒತ್ತೀರೋ ಇಲ್ಲೋ?"

ಒತ್ತಿದ್ದೆ. ಡ್ರೈವರು ಒಲೆ ಆರಿಸಿಯಾಗಿತ್ತು. ತಲೆ ಸಲ್ಲದೆ ಬಸ್ಸು ಹೊರಡದು. ಬಸ್ಸಿನಲ್ಲಿ ನಮ್ಮ ಪೇಟೆಯ ಮಂದಿಯೂ ಇದ್ದರು. ಅವರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು, ಈ ಮನುಷ್ಯ ಕೊಟ್ಟ ಕೈಗೆ ತಪ್ಪುತ್ತಾನೋ ಏನೋ ಎಂದು. ಉಚ್ಚಮ್ಮ ಒಬ್ಬಳೇ ನನ್ನ ಪರ ವಾದಿಸಿದಳು. "ಏನೋ, ನಿನಗ ಒಂದ್ ತಲಿ ಬೇಕು ಹೌದಿಲ್ಲೋ? ತಗಾ, ಈ ಮರಿ ಬೋಳಸು. ಇವ್ನಕಿಂತ ಕೂದಲು ಜಾಸ್ತಿ ಅದಾವು" ಎಂದು ಮರಿಯನ್ನು ಅವನ ಮುಂದೆ ನಿಲ್ಲಿಸಿದಳು. ಕ್ಷೌರಿಕ ಮರಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಉಣ್ಣೆಗೆ ತನ್ನ ಬಳಿ ಕತ್ತಿಯಿಲ್ಲ ಎಂದು ವಾಪಸು ಕೊಟ್ಟ. ಸೂರ್ಯ ಮೇಲೇರುತ್ತಿದ್ದ. ಅತ್ತ ನಂದವರಂನಲ್ಲಿ ಹುಡುಗಿ ಹಣೆಗೆ ಹೂವಿನ ದಂಡೆ ಕಟ್ಟಿಕೊಂಡು ಬಾಗಿಲು ನೋಡುತ್ತಿರುತ್ತಾಳೆ. ನಾನು ಕಣ್ಣು ಮುಚ್ಚಿ ತಲೆ ಬಗ್ಗಿಸಿದೆ.

ಇಲ್ಲಿ ತಮ್ಮನ್ನು ಒಂದು ಮಾತು ಕೇಳುತ್ತೇನೆ. ಏಜೆಂಟನ ಗಳಿಕೆ ಅಷ್ಟಕ್ಕೇ ಮುಗಿದಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆನೇ? ಇರುತ್ತಿದ್ದೆ. ಕೊಟ್ಟ ಕೈಗೆ ಕೂದಲು ಹೋಯಿತು ಅಂದುಕೊಳ್ಳುತ್ತಿದ್ದೆ. ಆದರೆ ನಮ್ಮನ್ನೆಲ್ಲ ಒಂದೇ ಬಸ್ಸಿಗೆ ತುಂಬಿದ ಮೇಲೆ ನಂದವರಂನ ನೇರ ಬಸ್ಸು ಖಾಲಿ ಉಳಿಯಿತು. ಹಾಲಸ್ವಾಮಿಗೂ ಅಂದು ಬೇರೆ ಕೆಲಸ ಉಳಿಯಲಿಲ್ಲ. ಮದುವೆ ಎಲ್ಲಿ, ಯಾರದು, ಯಾರು ಬರದಿದ್ದರೆ ನಿಲ್ಲುತ್ತದೆ ಎಂಬುದೆಲ್ಲ ನಾನೇ ಹೇಳಿದ್ದೆ. ಅವನು ಆ ಬಸ್ಸು ಹತ್ತಿ ಹಾಯಾಗಿ ನಂದವರಂಗೆ ಹೋಗಿ ಇಳಿದ.

ನಾನು ಅಲ್ಲಿ ಮುಟ್ಟುವಷ್ಟರಲ್ಲಿ ಅಕ್ಷತೆ ಬಿದ್ದು ಊಟದ ಎಲೆ ಹಾಕುತ್ತಿದ್ದರು. ತಂಗಿ ಓಡಿ ಬಂದಳು. ನುಣ್ಣನೆ ತಲೆಯ ಮೇಲೆ ರುಮಾಲು ನಿಲ್ಲದೆ ಜಾರಿ ಅವಳ ಕಾಲ ಬಳಿ ಬಿತ್ತು. ಮಸಿ ಹತ್ತಿದ ಧೋತರ, ಬೋಳು ತಲೆ.

"ಅಯ್ಯೋ ಅಣ್ಣಾ, ಯಾರು ಹ್ವಾದ್ರೋ!" ಎಂದು ತಂಗಿ ಎದೆ ಬಡಿದುಕೊಂಡಳು. ಹೆಂಗಸರೆಲ್ಲ ಕೂಡಿ ಅಳತೊಡಗಿದರು. ಯಾರೂ ಸತ್ತಿಲ್ಲ, ಮೋಟಾರಿನಲ್ಲಿ ಬಂದೆ ಅಷ್ಟೇ ಎಂದರೆ ಒಬ್ಬರೂ ನಂಬಲಿಲ್ಲ. ಬೀಗರ ಹಿರಿಯರು ಸೂತಕವೆಂದು ನನ್ನನ್ನು ಹಂದರದ ಹೊರಗೇ ತಡೆದರು. ಒಳಗೆ ಸೋದರಮಾವನ ಜಾಗದಲ್ಲಿ, ಸೋದರಮಾವನಿಗೆ ಹೊದಿಸುವ ಜರಿ ವಲ್ಲಿ ಹೊದ್ದು, ಹಾಲಸ್ವಾಮಿ ಹೋಳಿಗೆ ತಿನ್ನುತ್ತಿದ್ದ.

"ನೀನು ದಾರಿಯಾಗ ಏನೋ ಜರೂರ ಕೆಲಸಕ್ಕ ಇಳದಿ ಅಂತ ಹೇಳಿದನಪ್ಪ" ಎಂದಳು ತಂಗಿ ಕಣ್ಣೊರೆಸಿಕೊಳ್ಳುತ್ತ. "ಮುಹೂರ್ತ ಮೀರಾಕತ್ತಿತ್ತು. ನಿನ್ನ ಕೈ ಒತ್ತಿ ಬಂದೀನಿ, ಸಾವ್ಕಾರ್ರ ಮಾತು ನನ್ನ ಕೈಯಾಗ ಐತಿ ಅಂದ. ಬೀಗರು ಹೂಂ ಅಂದ್ರು. ಅವನೇ ಹುಡುಗಿ ಕೈ ಹಿಡದು ಕರಕೊಂಡು ಬಂದ."

ಆ ಹುಡುಗಿಯನ್ನು ನಾನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆಯ ಹತ್ತಿ ರಾಶಿ ತೋರಿಸಿದ್ದೇನೆ, ಮಾನ್ಯರೇ. ಅವಳ ಕಿವಿ ಚುಚ್ಚಿಸುವಾಗ ನನ್ನ ತೊಡೆಯ ಮೇಲೆಯೇ ಕೂತು ಅತ್ತಿದ್ದಳು. ಹಂದರದ ಕಂಬ ಹಿಡಿದು ನಿಂತು ನಾನೂ ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತೇನೆ.

ಕಳೆದ ವಾರ ಎರ್ರಮ್ಮ ಗಂಡನ ಮನೆಗೆ ಹೋಗಲು ಆದೋನಿಯ ಮೇಲೆ ಹಾಯ್ದಳು. ನಾನು ನಿಲ್ದಾಣಕ್ಕೆ ಹೋಗಿ ನಿಂತೆ. ಬಸ್ಸಿನ ಕಿಟಕಿಯಿಂದ "ಮಾವಾ, ಹೋಗಿ ಬರ್ತೀನ್ರಿ!" ಎಂದು ಕೂಗಿದಳು. ನಾನು ಕೈ ಎತ್ತಿದೆ. ನನ್ನ ಹಿಂದೆ ಜರಿ ವಲ್ಲಿ ಹೊದ್ದವನೂ ಎತ್ತಿದ. ಹುಡುಗಿ ಮುಖ ಸಣ್ಣದು ಮಾಡಿಕೊಂಡು, "ನಿನ್ನಲ್ಲ ಮಾವಾ, ಅವ್ರನ್ನ ಕರದೆ. ನಮ್ಮ ಅತ್ತಿ ನೋಡಾಕತ್ತಾಳ" ಎಂದು ಮೆಲ್ಲಗೆ ಹೇಳಿದಳು. ಬಸ್ಸು ಹೋಯಿತು. ಹೆಂಗಸರು ಸೆರಗಿನಿಂದ ಒರೆಸಿಕೊಳ್ಳುವಂತೆ ಹಾಲಸ್ವಾಮಿ ಆ ವಲ್ಲಿಯಿಂದ ಕಣ್ಣೊರೆಸಿಕೊಂಡ. ಆಮೇಲೆ ಅದನ್ನೇ ಕೈ ಮೇಲೆ ಹೊದಿಸಿ ಮುಂದಿನ ಪ್ರಯಾಣಿಕನ ಕಡೆಗೆ ನಡೆದ.

ಆದ್ದರಿಂದ ನನ್ನ ಬೇಡಿಕೆ. ಏಜೆಂಟರು ವಲ್ಲಿಯನ್ನು ಹೆಗಲ ಮೇಲೆಯೇ ಇಟ್ಟುಕೊಳ್ಳತಕ್ಕದ್ದು ಎಂದು ಆ ಹಲಗೆಯಲ್ಲಿ ಬರೆಸಿ. ನಂದವರಂಗೆ ಹೋಗುವವನನ್ನು ನಂದವರಂನ ಬಸ್ಸಿಗೇ ಹತ್ತಿಸಲು ಸಾಧ್ಯವೇ ಎಂದು ತಜ್ಞರನ್ನು ಕೇಳಿ. ಮುಖ್ಯವಾಗಿ, ಎರ್ರಮ್ಮನ ಸೀಮಂತದ ಕುಬಸದ ಹೊತ್ತಿಗಾದರೂ ಬೀಗರ ಎದುರಿಗೆ ಹಾಲಸ್ವಾಮಿ ನನ್ನ ಸ್ಥಾನವನ್ನು ಬಿಟ್ಟೆನೆಂದು ಬಾಯಿಬಿಟ್ಟು ಹೇಳುವಂತೆ ಅಪ್ಪಣೆ ಮಾಡಿ. ಬೆರಳಿನಲ್ಲಿ ಬೇಡ, ಬಾಯಲ್ಲಿ. ಕೂದಲಿನ ಬಗ್ಗೆ ತಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು ಅರ್ಜಿಯಿಲ್ಲದೆಯೇ ಬರುತ್ತಿದೆ.

ಇಂತಿ,
ತಮ್ಮ ಪರವಾನಗಿಯ ಬಸ್ಸಿನಲ್ಲಿ ಸರಕಾಗಿ ಸಾಗಿದ,
ಎರ್ರಮ್ಮನ ಮಾಜಿ ಸೋದರಮಾವ
ಏಕಾಂತಪ್ಪ
ಹತ್ತಿ ಪೇಟೆ, ಆದೋನಿ