ನಾಳೆ ಬುಗುರಿಯ ಸರದಿಯಿತ್ತು

ನವೆಂಬರ್ ೧೪, ಗುರುವಾರ

ಬುಗುರಿ ನಾಲ್ಕು ಮಾತು ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ರಿಯಾಕ್ಟರಿನೊಳಗೆ ಕುದಿಯುವ ಅನಿಲ, ಅಂದರೆ ಪ್ಲಾಸ್ಮಾ, ಜೋರಾಗಿ ತಿರುಗುತ್ತಿದ್ದರೇನೇ ಅದರ ಅಂಚು ಒಡೆಯದೆ ನಿಲ್ಲುತ್ತೆ ಅಂತ ಮೂರು ಹೊತ್ತೂ ವಾದಿಸುತ್ತಾಳೆಂದೇ ಲ್ಯಾಬಿನಲ್ಲಿ ಅವಳಿಗೆ ಆ ಹೆಸರಿಟ್ಟವಳು ನಾನು. ಬೆಳಿಗ್ಗೆಯೂ, "ವೇಗ ಇಳಿಸ್ಬೇಡ ಕಣೇ," ಅಂದಳು. ಲೆಕ್ಕದಲ್ಲಿ ಪ್ಲಾಸ್ಮಾ ತಿರುಗೋದನ್ನೇ ಬಿಟ್ಟು ಬೇಗ ಮುಗಿಸಿಕೊಂಡಿದ್ದ ನಾನು, "ಏನೂ ಆಗಲ್ಲ, ಸುಮ್ನಿರೇ," ಅಂದು ಇಳಿಸಿಬಿಟ್ಟೆ. ಅಂಚು ಸಿಡಿದು ಒಳಗೋಡೆ ಸುಟ್ಟಿತು. ಇನ್ನು ಯಂತ್ರವನ್ನೇ ಬಿಚ್ಚಬೇಕು.

ನಾಳೆ ಅವಳ ಪ್ರಯೋಗವಿತ್ತು. ಇದನ್ನೇ ತೋರಿಸಿಕೊಡಲು ವರ್ಷಗಟ್ಟಲೆ ಕಾದಿದ್ದಳು. ತೋರಿಸಿದವಳು ನಾನಾದೆ, ಅದೂ ಹೀಗೆ.

ಗೇಟಿನ ಹತ್ತಿರ ಸಿಕ್ಕಾಗ, "ಹೋಗ್ಲಿ ಬಿಡೇ. ಊಟ ಮಾಡಿದ್ಯಾ?" ಅಂದಳು.

ಹೂಂ ಅಂದೆ. ಬೆಳಿಗ್ಗೆ "ಏನೂ ಆಗಲ್ಲ" ಅಂದ ಹಾಗೆ ಅದೂ ಸುಳ್ಳು.